88ನೇ ನಂಬರಿನ ನ್ಯಾಯಮೂರ್ತಿ

ನವೆಂಬರ್ ಕೊನೆಯ ಹೊತ್ತಿಗೆ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಕೆರೆಗಳ ನೀರು ಹೆಪ್ಪುಗಟ್ಟತೊಡಗುತ್ತದೆ. 1970ರ ದಶಕದಲ್ಲಿ ಅಲ್ಲಿನ ಬ್ಲೂಮಿಂಗ್ಟನ್ ಊರಿನ ಮೆಟ್ರೊಪಾಲಿಟನ್ ಕ್ರೀಡಾಂಗಣಕ್ಕೆ ಚಾವಣಿ ಇರಲಿಲ್ಲ. ಭಾನುವಾರ ಮಧ್ಯಾಹ್ನ ಕಂಬಳಿ ಹೊದ್ದು ಕೂತ ಸಾವಿರಾರು ಜನರ ಮುಂದೆ, ಕಲ್ಲಿನಂತೆ ಗಟ್ಟಿಯಾದ ನೆಲದ ಮೇಲೆ ಫುಟ್‌ಬಾಲ್ ನಡೆಯುತ್ತಿತ್ತು. ಎದುರಾಳಿ ತಂಡದವರು ಮೈದಾನದ ಅಂಚಿನಲ್ಲಿ ಹೀಟರಿಗೆ ಕೈ ಒಡ್ಡಿ ನಿಂತಿದ್ದರೆ, ಸ್ಥಳೀಯ ವೈಕಿಂಗ್ಸ್ ತಂಡದ ಕಡೆ ಒಂದು ಹೀಟರೂ ಕಾಣುತ್ತಿರಲಿಲ್ಲ. ಚಳಿಗೆ ಮೈ ಒಗ್ಗಬೇಕು ಎಂಬುದು ಕೋಚ್ ಬಡ್ ಗ್ರಾಂಟ್ ಅವರ ಕಟ್ಟಪ್ಪಣೆ. ಆ ತಂಡದ ರಕ್ಷಣಾ ಸಾಲಿನ ನಡುವೆ ನೇರಳೆ ಅಂಗಿಯ, 88ನೇ ನಂಬರಿನ ಕಪ್ಪು ವರ್ಣೀಯ ಆಟಗಾರನೊಬ್ಬ ಬಗ್ಗಿ ನಿಲ್ಲುತ್ತಿದ್ದ. ಚೆಂಡು ಅಲುಗಿದ್ದೇ ತಡ, ಎದುರಿನವರು ತಲೆ ಎತ್ತುವ ಮೊದಲೇ ಅವರನ್ನು ದಾಟಿರುತ್ತಿದ್ದ.

ಆತ ಅಲನ್ ಪೇಜ್. ಆ ದಶಕದ ಕೊನೆಯ ವರ್ಷಗಳಲ್ಲಿ ಅವರು ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿಗೆ ಓದುತ್ತಿದ್ದ ವಿದ್ಯಾರ್ಥಿಯೂ ಹೌದು. ಮುಂದೆ ಅದೇ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ 22 ವರ್ಷ ನ್ಯಾಯಮೂರ್ತಿಯಾಗಿದ್ದರು.

ಆಟ ಮುಗಿಸಿದವರು ಕೋಚ್ ಆಗುವುದು, ಕಾಮೆಂಟರಿ ಹೇಳುವುದು, ಚುನಾವಣೆಗೆ ನಿಲ್ಲುವುದು ನಮಗೆ ಗೊತ್ತು. ವೃತ್ತಿಪರ ಆಟಗಾರ ಕಪ್ಪು ನಿಲುವಂಗಿ ತೊಟ್ಟು ನ್ಯಾಯಪೀಠಕ್ಕೆ ಏರುವುದು ಅಪರೂಪ. ಅದು ಹೇಗಾಯಿತು ಎಂದು ಬಿಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪೇಜ್ ಅವರ ಎರಡನೇ ವೃತ್ತಿ ಮೊದಲನೆಯದು ಮುಗಿದ ಮೇಲೆ ಶುರುವಾದದ್ದಲ್ಲ. ಮೈಯಲ್ಲಿ ಕಸುವು ಇದ್ದಾಗಲೇ, ಹೆಸರು ಉತ್ತುಂಗದಲ್ಲಿದ್ದಾಗಲೇ ಅದಕ್ಕೆ ಅಡಿಪಾಯ ಬಿದ್ದಿತ್ತು. ಅದಕ್ಕೆ ಅವರು ಬೆಲೆಯನ್ನೂ ತೆತ್ತರು.

ಕ್ಯಾಂಟನ್‌ನ ಹುಡುಗ

ಪೇಜ್ ಹುಟ್ಟಿದ್ದು 1945ರ ಆಗಸ್ಟ್‌ನಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ಹದಿಮೂರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡರು. ಅವರು ಪ್ರಾಥಮಿಕ ಶಾಲೆಯಲ್ಲಿದ್ದಾಗ, 1954ರಲ್ಲಿ, ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಸರ್ಕಾರಿ ಶಾಲೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನ್ಯಾಯಾಲಯಕ್ಕೆ ಇಷ್ಟು ಶಕ್ತಿ ಇದೆ ಎಂಬುದು ಬಾಲಕನ ಮನಸ್ಸಿನಲ್ಲಿ ನಿಂತಿತು. ಟಿ.ವಿ.ಯಲ್ಲಿ ಬರುತ್ತಿದ್ದ ‘ಪೆರಿ ಮೇಸನ್’ ಎಂಬ ವಕೀಲರ ಧಾರಾವಾಹಿಯೂ ತಮ್ಮನ್ನು ಸೆಳೆದಿತ್ತು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ವಕೀಲನಾಗುವ ಆಸೆ ಫುಟ್‌ಬಾಲಿಗಿಂತ ಮೊದಲೇ ಹುಟ್ಟಿತ್ತು ಎಂಬುದನ್ನು ನೆನಪಿಡಬೇಕು.

ಅಮೆರಿಕದ ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಇರುವುದು ಇದೇ ಕ್ಯಾಂಟನ್‌ನಲ್ಲಿ. 1963ರಲ್ಲಿ ಬಾಗಿಲು ತೆರೆದ ಆ ಕಟ್ಟಡ ಏಳುತ್ತಿದ್ದಾಗ ಅಲ್ಲಿ ಕೂಲಿ ಕೆಲಸ ಮಾಡಿದ ಹುಡುಗರಲ್ಲಿ ಪೇಜ್ ಕೂಡ ಒಬ್ಬರು. ಕಾಲು ಶತಮಾನದ ನಂತರ ಆ ಭವನದೊಳಗೆ ಅವರದೇ ಪುತ್ಥಳಿ ಬಂತು.

ನಾತ್ರ ದಾಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುತ್ತ ಆಡಿದ ಅವರ ತಂಡ 1966ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. 1967ರಲ್ಲಿ ಮಿನೆಸೋಟ ವೈಕಿಂಗ್ಸ್ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು.

ಸಾಲಿನ ನಡುವೆ ನಿಲ್ಲುವವನು

ಅಮೆರಿಕನ್ ಫುಟ್‌ಬಾಲ್ ನೋಡಿ ಅಭ್ಯಾಸವಿಲ್ಲದವರಿಗೆ ಪೇಜ್ ಮಾಡುತ್ತಿದ್ದ ಕೆಲಸವನ್ನು ಚುಟುಕಾಗಿ ಹೇಳುವುದಾದರೆ, ಅವರು ‘ಡಿಫೆನ್ಸಿವ್ ಟ್ಯಾಕಲ್’. ಚೆಂಡು ಎಸೆಯುವ ಎದುರಾಳಿ ನಾಯಕನ ಮುಂದೆ ದೈತ್ಯರ ಗೋಡೆ ಇರುತ್ತದೆ. ಆ ಗೋಡೆಯನ್ನು ಸೀಳಿ, ನಾಯಕ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಬೇಕು. ಕಬಡ್ಡಿಯಲ್ಲಿ ಅಂಕ ಗಳಿಸಿ ಹೆಸರು ಮಾಡುವವನು ರೈಡರ್, ಅವನ ಕಾಲು ಕಚ್ಚಿ ಹಿಡಿಯುವ ಮೂಲೆಯ ಆಟಗಾರ ಜನರ ಬಾಯಲ್ಲಿ ಉಳಿಯುವುದು ಕಡಿಮೆ. ಇಲ್ಲೂ ಹಾಗೆಯೇ.

ಪೇಜ್ ಆ ಲೆಕ್ಕಾಚಾರವನ್ನೇ ಬದಲಿಸಿದರು. 1971ರಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಅವರಿಗೆ ಬಂತು. ರಕ್ಷಣಾ ವಿಭಾಗದ ಆಟಗಾರನಿಗೆ ಅದು ದಕ್ಕಿದ್ದು ಅದೇ ಮೊದಲು. ಆಮೇಲೆ ಇಲ್ಲಿಯವರೆಗೆ ಇನ್ನೊಬ್ಬರಿಗೆ ಮಾತ್ರ, 1986ರಲ್ಲಿ ಲಾರೆನ್ಸ್ ಟೇಲರ್ ಅವರಿಗೆ, ಸಿಕ್ಕಿದೆ. ಈ ಆಟದಲ್ಲಿ ಹೆಚ್ಚಿನವರ ವೃತ್ತಿಜೀವನ ಮೂರು ನಾಲ್ಕು ವರ್ಷಕ್ಕೇ ಮುಗಿಯುತ್ತದೆ. ಮೊಣಕಾಲು, ಭುಜ, ತಲೆ, ಯಾವುದು ಬೇಕಾದರೂ ಕೈಕೊಡಬಹುದು. ಪೇಜ್ 15 ವರ್ಷ ಆಡಿದರು, ಸತತ 218 ಪಂದ್ಯ, ಒಂದನ್ನೂ ತಪ್ಪಿಸದೆ. ವೈಕಿಂಗ್ಸ್ ನಾಲ್ಕು ಬಾರಿ ಸೂಪರ್ ಬೌಲ್ ಫೈನಲಿಗೆ ಹೋಗಿ ನಾಲ್ಕನ್ನೂ ಸೋತದ್ದು ಮಿನೆಸೋಟದವರಿಗೆ ಇವತ್ತಿಗೂ ಆರದ ಗಾಯ. ಆ ನಾಲ್ಕರಲ್ಲೂ ಪೇಜ್ ಇದ್ದರು.

ಮೂರೇ ವಾರ

ಕಾನೂನಿನ ಕಡೆ ಅವರ ಮೊದಲ ಹೆಜ್ಜೆ ಜಾರಿತು. ವೈಕಿಂಗ್ಸ್ ಸೇರಿದ ಶುರುವಿನ ವರ್ಷಗಳಲ್ಲೇ ಸೇಂಟ್ ಪಾಲ್ ನಗರದ ವಿಲಿಯಂ ಮಿಚೆಲ್ ಕಾನೂನು ಕಾಲೇಜಿಗೆ ಸೇರಿದರು. ಹಗಲು ದುಡಿಯುವವರಿಗೆ ಸಂಜೆ ಪಾಠ ಹೇಳುವುದಕ್ಕೆ ಹೆಸರಾದ ಕಾಲೇಜು ಅದು. ಮೂರು ವಾರದಲ್ಲೇ ಬಿಟ್ಟುಬಿಟ್ಟರು.

ಇದನ್ನು ಹೇಳದೆ ಮುಂದಕ್ಕೆ ಹೋಗಬಾರದು. ಸಾಧಕರ ಕಥೆ ಬರೆಯುವಾಗ ಇಂಥ ಮೂರು ವಾರಗಳನ್ನು ಮರೆಮಾಚುತ್ತೇವೆ, ಓದುವ ಮಕ್ಕಳು ತಮಗೆ ಮಾತ್ರ ಹೀಗಾಗುತ್ತದೆ ಎಂದು ಕುಗ್ಗುತ್ತಾರೆ. ಪೇಜ್ ಮತ್ತೆ ಕಾನೂನು ತರಗತಿಗೆ ಕಾಲಿಟ್ಟದ್ದು 1975ರಲ್ಲಿ, ಮೂವತ್ತರ ಹೊಸ್ತಿಲಲ್ಲಿ. ನಡುವಿನ ವರ್ಷಗಳಲ್ಲಿ ಅವರನ್ನು ಕಾನೂನಿನ ಕಡೆಗೆ ಮತ್ತೆ ತಳ್ಳಿದ ಒಂದು ಘಟನಾವಳಿ ಇದೆ. ನನ್ನ ಮಟ್ಟಿಗೆ ಈ ಕಥೆಯ ಕೀಲಿ ಇರುವುದು ಅಲ್ಲಿಯೇ.

ಆಟಗಾರ ಯಾರ ಸ್ವತ್ತು?

1970ರಿಂದ ಪೇಜ್ ತಮ್ಮ ತಂಡದ ಪರವಾಗಿ ಆಟಗಾರರ ಸಂಘದ ಪ್ರತಿನಿಧಿಯಾಗಿದ್ದರು, 1972ರಿಂದ 1975ರವರೆಗೆ ಅದರ ಕಾರ್ಯಕಾರಿ ಸಮಿತಿಯಲ್ಲೂ ಇದ್ದರು. ಆಗಿನ ಲೀಗಿನಲ್ಲಿ ‘ರೊಜೆಲ್ ನಿಯಮ’ ಎಂಬುದೊಂದಿತ್ತು. ಲೀಗಿನ ಮುಖ್ಯಸ್ಥ ಪೀಟ್ ರೊಜೆಲ್ ಅವರ ಹೆಸರಿನಲ್ಲೇ ಅದು ಚಾಲ್ತಿಯಲ್ಲಿತ್ತು. ಆಟಗಾರನ ಕರಾರು ಮುಗಿದು ಆತ ಬೇರೆ ತಂಡ ಸೇರಿದನೆನ್ನಿ. ಸೇರಿಸಿಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು. ಎರಡೂ ಕಡೆ ಒಪ್ಪಂದವಾಗದಿದ್ದರೆ ಎಷ್ಟು ಕೊಡಬೇಕು, ಯಾವ ಆಟಗಾರರನ್ನು ಬಿಟ್ಟುಕೊಡಬೇಕು ಎಂದು ರೊಜೆಲ್ ತೀರ್ಮಾನಿಸುತ್ತಾರೆ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಯಾರನ್ನು ಕಳೆದುಕೊಳ್ಳಬೇಕಾಗುತ್ತದೋ ಮೊದಲೇ ಗೊತ್ತಿಲ್ಲದಿದ್ದರೆ ಯಾವ ತಂಡ ಹೊಸಬನನ್ನು ಕರೆಯುವ ಧೈರ್ಯ ಮಾಡೀತು? ಕರಾರು ಮುಗಿದರೂ ಆಟಗಾರ ಹಳೆಯ ಧಣಿಯ ಬಾಗಿಲಲ್ಲೇ ನಿಲ್ಲಬೇಕು, ಅವರು ಕೊಟ್ಟಷ್ಟೇ ಸಂಬಳ ತೆಗೆದುಕೊಳ್ಳಬೇಕು. 1974ರ ಬೇಸಿಗೆಯಲ್ಲಿ ಆಟಗಾರರು ಮುಷ್ಕರ ಹೂಡಿದರು. ಸ್ವಾತಂತ್ರ್ಯವಿಲ್ಲದಿದ್ದರೆ ಆಟವೂ ಇಲ್ಲ ಎಂಬುದು ಅವರ ಘೋಷಣೆ. ಮುಷ್ಕರ ಮುರಿದುಬಿತ್ತು.

ಬೀದಿಯಲ್ಲಿ ಆಗದ್ದು ನ್ಯಾಯಾಲಯದಲ್ಲಿ ಆಯಿತು. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಜಾನ್ ಮ್ಯಾಕಿ ಮತ್ತು ಇತರ ಆಟಗಾರರು ಲೀಗಿನ ವಿರುದ್ಧ ದಾವೆ ಹೂಡಿದ್ದರು, ವಾದಿಗಳ ಪಟ್ಟಿಯಲ್ಲಿ ಪೇಜ್ ಹೆಸರೂ ಇತ್ತು. ಮಿನಿಯಾಪೊಲಿಸ್‌ನ ಫೆಡರಲ್ ನ್ಯಾಯಾಲಯದಲ್ಲಿ ಐವತ್ತಕ್ಕೂ ಹೆಚ್ಚು ದಿನ ವಿಚಾರಣೆ ನಡೆಯಿತು. ಈ ನಿಯಮ ಸ್ಪರ್ಧೆಯನ್ನು ಕಾನೂನುಬಾಹಿರವಾಗಿ ಕಟ್ಟಿಹಾಕುತ್ತದೆ ಎಂದು ನ್ಯಾಯಾಧೀಶ ಅರ್ಲ್ ಲಾರ್ಸನ್ 1975ರ ಕೊನೆಯಲ್ಲಿ ಹೇಳಿದರು. ಮೇಲ್ಮನವಿ ನ್ಯಾಯಾಲಯ 1976ರಲ್ಲಿ ಆಟಗಾರರ ಪರವಾಗಿಯೇ ನಿಂತಿತು.

ಮೈದಾನದ ಬಲಕ್ಕೂ ಒಗ್ಗಟ್ಟಿನ ಬಲಕ್ಕೂ ಬಗ್ಗದ ನಿಯಮವೊಂದು ವಾದ, ದಾಖಲೆ, ಸಾಕ್ಷಿಗಳ ಮುಂದೆ ಬಿದ್ದುಹೋದದ್ದನ್ನು ಪೇಜ್ ಹತ್ತಿರದಿಂದ ಕಂಡರು. ಆ ಮೊಕದ್ದಮೆ ನಡೆಯುತ್ತಿದ್ದ ವರ್ಷವೇ ಅವರು ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಹೆಸರು ಹಚ್ಚಿದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ತೂಕದ ಜಗಳ

1978ರಲ್ಲಿ ಪದವಿ ಕೈಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ, ಋತುವಿನ ನಡುವೆ, ವೈಕಿಂಗ್ಸ್ ಅವರನ್ನು ಕೈಬಿಟ್ಟಿತು.

ಇದರ ಹಿಂದೆ ಓಟದ ಕಥೆಯಿದೆ. ಪತ್ನಿ ಡಯಾನ್ ಸಿಗರೇಟು ಬಿಡಲೆಂದು ಓಡಲು ಶುರುಮಾಡಿದರು, ಪೇಜ್ ಜತೆಗೂಡಿದರು. ಓಟ ಹಿಡಿಸಿತು. ದಿನವೂ ಮೈಲಿಗಟ್ಟಲೆ ಓಡಿದ ಮೇಲೆ ತೂಕ ಇಳಿಯದೆ ಇರುತ್ತದೆಯೇ? ರಕ್ಷಣಾ ಸಾಲಿನವನಿಗೆ ಇರಬೇಕಾದ ಭಾರ ಇವರಲ್ಲಿ ಉಳಿದಿಲ್ಲ ಎಂದು ಕೋಚ್ ಗ್ರಾಂಟ್ ಪಟ್ಟು ಹಿಡಿದರು. ಹನ್ನೊಂದು ವರ್ಷ ತಂಡದ ಬೆನ್ನೆಲುಬಾಗಿದ್ದವರನ್ನು ಶಿಕಾಗೊ ಬೇರ್ಸ್ ತಂಡ ಕೇವಲ 100 ಡಾಲರ್ ವರ್ಗಾವಣೆ ಶುಲ್ಕ ಕಟ್ಟಿ ಕರೆದುಕೊಂಡಿತು. ಅಲ್ಲಿ 1981ರವರೆಗೆ ಆಡಿದರು. 1979ರಲ್ಲಿ ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿ, ಲೀಗಿನಲ್ಲಿ ಇನ್ನೂ ಆಡುತ್ತಿರುವಾಗಲೇ ಆ ಸಾಧನೆ ಮಾಡಿದ ಮೊದಲ ಆಟಗಾರ ಎನಿಸಿಕೊಂಡರು.

ಅದೇ 1979ರಲ್ಲಿ ವಕೀಲಿ ಪರೀಕ್ಷೆ ಪಾಸಾಗಿ ಮಿನಿಯಾಪೊಲಿಸ್‌ನ ಲಿಂಡ್‌ಕ್ವಿಸ್ಟ್ ಅಂಡ್ ವೆನಮ್ ಎಂಬ ವಕೀಲರ ಸಂಸ್ಥೆ ಸೇರಿದರು. ಋತುವಿನಲ್ಲಿ ಶಿಕಾಗೊದಲ್ಲಿ ಆಟ, ಬಿಡುವಿನಲ್ಲಿ ಮಿನಿಯಾಪೊಲಿಸ್‌ನಲ್ಲಿ ವಕೀಲಿ. 1981ರ ಕೊನೆಯ ಪಂದ್ಯ ಮುಗಿದಾಗ ನಾಳೆ ಏನು ಎಂದು ತಡಕಾಡುವ ಸ್ಥಿತಿ ಅವರಿಗೆ ಬರಲಿಲ್ಲ, ಕಚೇರಿಯಲ್ಲಿ ಅವರ ಮೇಜು ಕಾದಿತ್ತು. 1985ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಸೇರಿ ಸರ್ಕಾರಿ ವಕೀಲರಾದರು.

ಇವರಿಗಿಂತ ಮೊದಲು ಇದೇ ಹಾದಿಯಲ್ಲಿ ನಡೆದ ದೊಡ್ಡ ಹೆಸರು ಬೈರನ್ ವೈಟ್. 1938ರಲ್ಲಿ ಪಿಟ್ಸ್‌ಬರ್ಗ್ ತಂಡಕ್ಕೆ ಆಡಿ ಲೀಗಿನಲ್ಲೇ ಅತಿ ಹೆಚ್ಚು ದೂರ ಚೆಂಡು ಹೊತ್ತು ಓಡಿದವರು, ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿ ಬಂದು, ಯೇಲ್‌ನಲ್ಲಿ ಕಾನೂನು ಓದುತ್ತ ಡೆಟ್ರಾಯಿಟ್‌ಗೆ ಎರಡು ಋತು ಆಡಿದವರು. ಅಧ್ಯಕ್ಷ ಕೆನಡಿ 1962ರಲ್ಲಿ ಅವರನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ನೇಮಿಸಿದರು. ಆದರೆ ವೈಟ್ ಆಡಿದ್ದು ಮೂರೇ ಋತು. ಎರಡು ವೃತ್ತಿಗಳನ್ನೂ ತುದಿ ಮುಟ್ಟುವವರೆಗೆ ನಡೆಸಿದ್ದು ಪೇಜ್ ಅವರ ವಿಶೇಷ.

ಗವರ್ನರ್ ವಿರುದ್ಧ ದಾವೆ

ನಮ್ಮ ಹೈಕೋರ್ಟ್, ಸುಪ್ರೀಂ ಕೋರ್ಟುಗಳ ನ್ಯಾಯಮೂರ್ತಿಗಳನ್ನು ಕೊಲಿಜಿಯಂ ಶಿಫಾರಸಿನ ಮೇಲೆ ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಹಾಗಲ್ಲ. ಮಿನೆಸೋಟದಲ್ಲಿ ರಾಜ್ಯದ ಅತಿ ಎತ್ತರದ ನ್ಯಾಯಾಲಯಕ್ಕೂ ಜನರೇ ಆರು ವರ್ಷಕ್ಕೊಮ್ಮೆ ಮತ ಹಾಕುತ್ತಾರೆ, ಪಕ್ಷದ ಚಿಹ್ನೆ ಇರುವುದಿಲ್ಲ. ಕಾಗದದ ಮೇಲೆ ಹೀಗಿದ್ದರೂ ರೂಢಿ ಬೇರೆ. ನ್ಯಾಯಮೂರ್ತಿಗಳು ಸಾಮಾನ್ಯವಾಗಿ ಅವಧಿಯ ನಡುವೆ ನಿವೃತ್ತರಾಗುತ್ತಾರೆ, ತೆರವಾದ ಜಾಗಕ್ಕೆ ಗವರ್ನರ್ ತಮಗೆ ಬೇಕಾದವರನ್ನು ನೇಮಿಸುತ್ತಾರೆ, ಹಾಗೆ ನೇಮಕವಾದವರು ಮುಂದಿನ ಚುನಾವಣೆಯಲ್ಲಿ ಸಲೀಸಾಗಿ ಗೆಲ್ಲುತ್ತಾರೆ. ಹೊರಗಿನವರಿಗೆ ಬಾಗಿಲು ತೆರೆಯುವುದು ಅಪರೂಪ.

1992ರಲ್ಲಿ ನ್ಯಾಯಮೂರ್ತಿ ಲಾರೆನ್ಸ್ ಯೆಟ್ಕಾ ಅವರ ಅವಧಿ ಮುಗಿಯುವುದರಲ್ಲಿತ್ತು, ಪೇಜ್ ಸ್ಪರ್ಧೆಗೆ ಸಿದ್ಧರಾದರು. ಆಗ ಗವರ್ನರ್ ಆರ್ನಿ ಕಾರ್ಲ್‌ಸನ್ ಯೆಟ್ಕಾ ಅವರ ಅವಧಿಯನ್ನೇ ವಿಸ್ತರಿಸಿಬಿಟ್ಟರು. ಅಂದಮೇಲೆ ಚುನಾವಣೆಯೇ ಇಲ್ಲ. ಪೇಜ್ ಸಲ್ಲಿಸಲು ಹೋದ ನಾಮಪತ್ರವನ್ನು ಅಧಿಕಾರಿಗಳು ಪಡೆದುಕೊಳ್ಳಲಿಲ್ಲ.

ಪೇಜ್ ನೇರವಾಗಿ ನ್ಯಾಯಾಲಯಕ್ಕೆ ಹೋದರು. ತಾವು ಸೇರಬೇಕೆಂದಿದ್ದ ನ್ಯಾಯಾಲಯದ ಮುಂದೆಯೇ, ತಮ್ಮ ರಾಜ್ಯದ ಗವರ್ನರ್ ವಿರುದ್ಧ. ವಿಷಯ ತಮ್ಮದೇ ಪೀಠಕ್ಕೆ ಸಂಬಂಧಿಸಿದ್ದರಿಂದ ಹಾಲಿ ನ್ಯಾಯಮೂರ್ತಿಗಳು ಹಿಂದೆ ಸರಿದರು, ಅವರ ಬದಲು ಬೇರೆ ನ್ಯಾಯಾಧೀಶರ ವಿಶೇಷ ಪೀಠ ಕೂತಿತು. ಚುನಾವಣೆ ನಡೆಯಲೇಬೇಕು ಎಂದು ಆ ಪೀಠ ತೀರ್ಪು ಕೊಟ್ಟಿತು. ಆ ತೀರ್ಪನ್ನು ಓದಿದರೆ ಅದು ಒಬ್ಬ ಅಭ್ಯರ್ಥಿಯ ಗೆಲುವು ಮಾತ್ರವಾಗಿ ಕಾಣುವುದಿಲ್ಲ, ಮತದಾರರ ಕೈಯಿಂದ ಜಾರಿಹೋಗಿದ್ದ ಹಕ್ಕು ಅವರಿಗೆ ಮರಳಿತು.

ನ್ಯಾಯಾಧೀಶರಾಗಿ ಒಂದು ದಿನದ ಅನುಭವವೂ ಇಲ್ಲ, ಫುಟ್‌ಬಾಲಿನ ಹೆಸರಿನಿಂದ ಮತ ಕೇಳುತ್ತಿದ್ದಾರೆ ಎಂಬ ಆಕ್ಷೇಪ ಬಂತು. ತೆಗೆದುಹಾಕುವಂಥ ಆಕ್ಷೇಪವಲ್ಲ ಅದು. 88ನೇ ನಂಬರಿನ ಹೆಸರು ಗೊತ್ತಿಲ್ಲದ ಮನೆ ಆ ರಾಜ್ಯದಲ್ಲಿ ಇದ್ದಿರಲಾರದು, ಅದು ನೆರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮತಪೆಟ್ಟಿಗೆಯ ದಾರಿ ಮುಚ್ಚಿದಾಗ ಅದನ್ನು ತೆರೆಸಿದ್ದು ಆ ಹೆಸರಲ್ಲ, ಕಾನೂನಿನ ವಾದ. ಪೇಜ್ ಗೆದ್ದರು. 1993ರ ಜನವರಿಯಲ್ಲಿ ಪ್ರಮಾಣವಚನ ಸ್ವೀಕರಿಸಿ ಮಿನೆಸೋಟ ಸರ್ವೋಚ್ಚ ನ್ಯಾಯಾಲಯದ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಮೂರ್ತಿಯಾದರು. 1998, 2004, 2010ರಲ್ಲಿ ಜನ ಮತ್ತೆ ಮತ್ತೆ ಆರಿಸಿದರು.

312 ಮತಗಳ ತೀರ್ಪು

2008ರ ನವೆಂಬರಿನಲ್ಲಿ ಮಿನೆಸೋಟದ ಸೆನೆಟ್ ಸ್ಥಾನಕ್ಕೆ ನಡೆದ ಚುನಾವಣೆ ಇಡೀ ದೇಶದ ಕಣ್ಣು ಸೆಳೆಯಿತು. ಸುಮಾರು 29 ಲಕ್ಷ ಮತಗಳಲ್ಲಿ ನಾರ್ಮ್ ಕೋಲ್‌ಮನ್ ಮತ್ತು ಆಲ್ ಫ್ರಾಂಕೆನ್ ನಡುವೆ ಅಂತರ ಕೆಲವೇ ನೂರು. ಮರುಎಣಿಕೆ, ತಕರಾರು, ವಿಚಾರಣೆ ಎಂದು ಸುಮಾರು ಎಂಟು ತಿಂಗಳು ಫಲಿತಾಂಶ ಇತ್ಯರ್ಥವಾಗಲಿಲ್ಲ. ಮರುಎಣಿಕೆಯ ಮೇಲ್ವಿಚಾರಣಾ ಮಂಡಳಿಯಲ್ಲಿ ಮುಖ್ಯ ನ್ಯಾಯಮೂರ್ತಿ ಇದ್ದುದರಿಂದ ಅವರು ಮೊಕದ್ದಮೆಯಿಂದ ದೂರ ಉಳಿದರು, ಮೇಲ್ಮನವಿಯ ಪೀಠದ ಹೊಣೆ ಪೇಜ್ ಹೆಗಲಿಗೆ ಬಂತು. 2009ರ ಜೂನ್ 30ರಂದು ಐವರು ನ್ಯಾಯಮೂರ್ತಿಗಳೂ ಒಮ್ಮತದಿಂದ, ಫ್ರಾಂಕೆನ್ 312 ಮತಗಳಿಂದ ಗೆದ್ದಿದ್ದಾರೆ ಎಂಬುದನ್ನು ಎತ್ತಿಹಿಡಿದರು. ಕೋಲ್‌ಮನ್ ಅದೇ ದಿನ ಸೋಲು ಒಪ್ಪಿಕೊಂಡರು.

ಹಾಗೆಂದು ಅವರು ಸದಾ ಒಮ್ಮತದ ಮನುಷ್ಯರಲ್ಲ. ಉಳಿದವರೆಲ್ಲ ಒಂದು ಕಡೆ ನಿಂತಾಗ ಒಬ್ಬರೇ ಭಿನ್ನ ತೀರ್ಪು ಬರೆಯಲು ಅವರು ಹಿಂಜರಿಯುತ್ತಿರಲಿಲ್ಲ. ಕೊರಳಿಗೆ ಬೋ ಟೈ, ಮೆಲುದನಿ, ಕಡಿಮೆ ಮಾತು. ಕೈ ಎತ್ತಿದರೆ ಎಡಗೈಯ ಕಿರುಬೆರಳು ಅಡ್ಡಕ್ಕೆ ಬಾಗಿರುವುದು ಕಾಣುತ್ತಿತ್ತು, ಆಟದಲ್ಲಿ ಪದೇ ಪದೇ ಕೀಲು ತಪ್ಪಿದ್ದರ ಗುರುತು. ಮಗಳು ಕಾಮಿ ಜತೆ ಸೇರಿ ಆ ಬೆರಳಿನ ಮೇಲೆಯೇ ಮಕ್ಕಳಿಗೊಂದು ಪುಸ್ತಕ ಬರೆದಿದ್ದಾರೆ. 2015ರ ಆಗಸ್ಟ್‌ನಲ್ಲಿ, 70 ತುಂಬಿದಾಗ, ನಿಯಮದಂತೆ ನಿವೃತ್ತರಾದರು.

ನಮ್ಮಲ್ಲಾದರೆ?

ಇದನ್ನು ಓದುವ ನಮ್ಮ ಊರಿನ ಕಬಡ್ಡಿ ಆಟಗಾರ್ತಿಗೋ ಹಾಕಿ ಹುಡುಗನಿಗೋ ಹೀಗೆ ನಡೆಯುವುದು ಸಾಧ್ಯವೇ? ಯಾವುದೇ ಪದವಿಯ ನಂತರ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು, ಆ ಬಾಗಿಲು ತೆರೆದೇ ಇದೆ. ತೊಡಕು ಇರುವುದು ಒಳಗೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ನಡೆಯಬೇಕು, ಪ್ರತಿ ವಿಷಯಕ್ಕೂ ಶೇ 70ರಷ್ಟು ಹಾಜರಾತಿ ಬೇಕು. ತಿಂಗಳುಗಟ್ಟಲೆ ತರಬೇತಿ ಶಿಬಿರದಲ್ಲಿ ಇರುವವರಿಗೆ ಇದು ದುರ್ಗಮ.

ಇನ್ನೊಂದು ತೊಡಕು ಅದಕ್ಕಿಂತ ಆಳದ್ದು. ನಮ್ಮ ಆಟಗಾರರ ಬದುಕನ್ನು ಹಿಡಿದಿರುವುದು ಕ್ರೀಡಾ ಕೋಟಾದ ನೌಕರಿ. ರೈಲ್ವೆ, ಪೊಲೀಸ್, ಬ್ಯಾಂಕು, ಸರ್ಕಾರಿ ಉದ್ದಿಮೆ. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ ಎನ್ನುತ್ತದೆ ಅದೇ ಪರಿಷತ್ತಿನ ನಿಯಮ. ಸನ್ನದು ಪಡೆದು ನ್ಯಾಯಾಲಯಕ್ಕೆ ಹೋಗಬೇಕೆಂದರೆ ನೌಕರಿ ಬಿಡಬೇಕು. ಪೇಜ್ ಮಾಡಿದಂತೆ ಅರ್ಧ ವರ್ಷ ಆಟ, ಅರ್ಧ ವರ್ಷ ವಕೀಲಿ ಎಂಬ ಏರ್ಪಾಡು ಹೆಚ್ಚಿನವರಿಗೆ ಕೈಗೆಟುಕುವುದಿಲ್ಲ. ಕೋಟಾ ನೌಕರಿ ದೊಡ್ಡ ಆಸರೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಹದಿನೇಳರ ಹರೆಯದಲ್ಲಿ ಶಾಲೆ ಬಿಡಿಸಿ ಮೈದಾನಕ್ಕೆ ಕಳಿಸುವಾಗ, ಮೂವತ್ತೈದರ ನಂತರದ ಬದುಕಿಗೆ ಕೈಯಲ್ಲಿ ಏನು ಕೊಟ್ಟು ಕಳಿಸುತ್ತಿದ್ದೇವೆ ಎಂದು ಹೆತ್ತವರೂ ತರಬೇತುದಾರರೂ ಕೇಳಿಕೊಳ್ಳುವುದು ತೀರಾ ಕಡಿಮೆ.

ಶಾಲೆಯ ಕಡೆಗೆ

ಪೇಜ್ ಈ ಪ್ರಶ್ನೆಯನ್ನು ತಂಡದ ಕೋಣೆಯಲ್ಲೇ ಎದುರಿಸಿದ್ದರು. ಕಾಲೇಜು ಮುಗಿಸಿ ಬಂದ ಕೆಲವು ಸಹ ಆಟಗಾರರಿಗೆ ಆಟದ ತಂತ್ರಗಳ ಪುಸ್ತಕವನ್ನು ಸರಾಗವಾಗಿ ಓದಲೂ ಬರುತ್ತಿರಲಿಲ್ಲ ಎಂಬುದನ್ನು ಅವರು ಮುಂದೆ ಸಾರ್ವಜನಿಕವಾಗಿ ಹೇಳಿದರು. ಚೆನ್ನಾಗಿ ಆಡುತ್ತಾನೆಂದು ತರಗತಿಯಿಂದ ತರಗತಿಗೆ ದಾಟಿಸಿದ ಶಾಲೆಗಳ ಮೇಲೆ ಅವರಿಗಿದ್ದ ನೋವು ಅದು.

1988ರಲ್ಲಿ ಕ್ಯಾಂಟನ್‌ನ ಕೀರ್ತಿಭವನಕ್ಕೆ ಸೇರ್ಪಡೆಯಾದಾಗ ತಮ್ಮನ್ನು ಪರಿಚಯಿಸಲು ಹಳೆಯ ಕೋಚನ್ನೋ ಸಹ ಆಟಗಾರನನ್ನೋ ಕರೆಯಲಿಲ್ಲ. ಮಿನಿಯಾಪೊಲಿಸ್‌ನ ಸರ್ಕಾರಿ ಪ್ರೌಢಶಾಲೆಯ ಪ್ರಾಂಶುಪಾಲೆ ವಿಲರೀನ್ ಬೀಸ್ಲಿ ಅವರನ್ನು ಕರೆದರು. ಭಾಷಣ ಮಾಡಿದ್ದೂ ಶಿಕ್ಷಣದ ಬಗ್ಗೆ. ಅದೇ ವರ್ಷ ಡಯಾನ್ ಜತೆ ಪೇಜ್ ಎಜುಕೇಶನ್ ಫೌಂಡೇಶನ್ ಕಟ್ಟಿದರು. ಬಿಳಿಯರಲ್ಲದ ವಿದ್ಯಾರ್ಥಿಗಳ ಕಾಲೇಜು ಓದಿಗೆ ಅದು ಹಣ ಕೊಡುತ್ತದೆ, ಪಡೆದವರು ವರ್ಷಕ್ಕೆ 50 ಗಂಟೆ ಕಿರಿಯ ಮಕ್ಕಳಿಗೆ ಪಾಠ ಹೇಳಿಕೊಡಬೇಕು. 2018ರ ನವೆಂಬರಿನಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಪೇಜ್ ಅವರಿಗೆ ಸಂದಿತು. ಡಯಾನ್ ಅದಕ್ಕೆ ಕೆಲವೇ ವಾರ ಮೊದಲು ತೀರಿಕೊಂಡಿದ್ದರು.

ನ್ಯಾಯಮೂರ್ತಿಯಾದ ಮೊದಲ ವರ್ಷವೇ, 1993ರಲ್ಲಿ, ಶಾಲೆಗಳಿಗೆ ಹಣ ಹಂಚುವ ರಾಜ್ಯದ ವ್ಯವಸ್ಥೆಯನ್ನು ಪ್ರಶ್ನಿಸಿದ ‘ಸ್ಕೀನ್’ ಮೊಕದ್ದಮೆ ಅವರ ಪೀಠದ ಮುಂದೆ ಬಂದಿತ್ತು. ಶಿಕ್ಷಣ ಮೂಲಭೂತ ಹಕ್ಕು ಎಂದು ಒಪ್ಪಿಕೊಂಡ ಬಹುಮತದ ತೀರ್ಪು, ಜಿಲ್ಲೆ ಜಿಲ್ಲೆಗೆ ಹಣದಲ್ಲಿ ವ್ಯತ್ಯಾಸವಿದ್ದರೂ ವ್ಯವಸ್ಥೆ ಸಂವಿಧಾನಬದ್ಧವೇ ಎಂದಿತು. ಪೇಜ್ ಒಪ್ಪದೆ ಭಿನ್ನ ತೀರ್ಪು ಬರೆದರು.

ನಿವೃತ್ತಿಯ ನಂತರ ಅವರು ಅದೇ ವಿಷಯಕ್ಕೆ ಇನ್ನೊಂದು ದಾರಿಯಿಂದ ಬಂದರು. ಸಾರ್ವಜನಿಕ ಶಾಲೆಗಳ ಏಕರೂಪದ ವ್ಯವಸ್ಥೆ ಕಟ್ಟಬೇಕು ಎಂದು ಶಾಸಕಾಂಗಕ್ಕೆ ಹೇಳುವ ರಾಜ್ಯ ಸಂವಿಧಾನದ ವಾಕ್ಯ 1857ರದ್ದು. ವ್ಯವಸ್ಥೆ ಇದ್ದರೆ ಸಾಲದು, ಗುಣಮಟ್ಟದ ಶಿಕ್ಷಣ ಪ್ರತಿ ಮಗುವಿನ ಹಕ್ಕು ಎಂದು ಅದನ್ನು ಬದಲಿಸಬೇಕು ಎಂದು 2020ರಲ್ಲಿ ಅವರು ಮಿನಿಯಾಪೊಲಿಸ್‌ನ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ, ಕಾಶ್ಮೀರಿ ಮೂಲದ ನೀಲ್ ಕಾಶ್ಕರಿ ಜತೆ ಸೇರಿ ತಿದ್ದುಪಡಿ ಮುಂದಿಟ್ಟರು. ಹಳೆಯ ವಾಕ್ಯ ತೆಗೆದರೆ ಸರ್ಕಾರಿ ಶಾಲೆಗಳಿಗಿರುವ ರಕ್ಷಣೆಯೇ ಸಡಿಲವಾದೀತು ಎಂದು ರಾಜ್ಯದ ಶಿಕ್ಷಕರ ಸಂಘ ಬಲವಾಗಿ ವಿರೋಧಿಸಿತು. ತಿದ್ದುಪಡಿ ಜನಮತಕ್ಕೆ ಹೋಗಬೇಕಾದರೆ ಮೊದಲು ಶಾಸಕಾಂಗ ಒಪ್ಪಬೇಕು. 75ನೇ ವಯಸ್ಸಿನಲ್ಲಿ ಪೇಜ್ ಮತ್ತೆ ವಾದಿಯ ಜಾಗದಲ್ಲಿ ನಿಂತು ಶಾಸಕರಿಗೆ ಅದನ್ನು ವಿವರಿಸಲು ಹೊರಟರು.